ವಿದೇಶಿ ಗುಂಪು ಪ್ರವಾಸದಲ್ಲಿ ರಾತ್ರಿಯ ರೂಮು: ಸ್ಟಾರ್ ಎಣಿಸುವ ಮೊದಲು ಗಂಟೆ ಎಣಿಸಿ

ಅಡಿಕೆ ಕೊಯ್ಲು ಮುಗಿದ ಮೇಲಿನ ಏಪ್ರಿಲ್-ಮೇ, ಓಣಂ ರಜೆ, ಕ್ರಿಸ್ಮಸ್ ರಜೆ. ಕಾಸರಗೋಡಿನ ಕಡೆಯಿಂದ ಮನೆಮಂದಿ, ನೆಂಟರಿಷ್ಟರು, ಸಹಕಾರಿ ಸಂಘದವರು, ನಿವೃತ್ತ ಮಾಸ್ತರರು ಗುಂಪು ಕಟ್ಟಿಕೊಂಡು ಹೊರದೇಶಕ್ಕೆ ಹೊರಡುವುದು ಹೆಚ್ಚಾಗಿ ಈ ಮೂರು ಕಾಲದಲ್ಲಿ. ಏಜೆನ್ಸಿಗಳಿಂದ ಎರಡು ಮೂರು ಕೊಟೇಶನ್ ತರಿಸಿ ಮೇಜಿನ ಮೇಲೆ ಹರಡಿದಾಗ ಎಲ್ಲರ ಕಣ್ಣು ಮೊದಲು ಹೋಗುವುದು ‘ತ್ರೀ ಸ್ಟಾರ್’, ‘ಫೋರ್ ಸ್ಟಾರ್’ ಎಂದು ಬರೆದಲ್ಲಿಗೆ, ಆಮೇಲೆ ತಲೆಗೆಷ್ಟು ಎಂಬಲ್ಲಿಗೆ. ಇವೆರಡರ ನಡುವೆ ಚೌಕಾಸಿ ಮುಗಿಯುತ್ತದೆ. ಹೋಟೆಲು ಎಲ್ಲಿದೆ, ರೂಮು ಎಷ್ಟು ಹೊತ್ತಿಗೆ ಸಿಗುತ್ತದೆ, ಎಷ್ಟು ಹೊತ್ತಿಗೆ ಬಿಡಬೇಕು ಎಂದು ಕೇಳುವವರು ಕಡಿಮೆ.

ಗುಂಪು ಪ್ರವಾಸದ ಒಂದು ಸಾಧಾರಣ ರಾತ್ರಿಯ ಲೆಕ್ಕ ನೋಡಿ. ಊಟ ಮುಗಿಸಿ ಬಸ್ಸು ಹೋಟೆಲಿಗೆ ಮುಟ್ಟುವಾಗ 9.30. ಕೀ ಕಾರ್ಡ್ ಕೈಗೆ ಬರುವಾಗ 10. ಪೆಟ್ಟಿಗೆ ಏರಿಸಿ, ಮಿಂದು, ಫೋನು ಚಾರ್ಜಿಗಿಟ್ಟು ಮಲಗುವಾಗ 11. ಬೆಳಿಗ್ಗೆ 5.45ಕ್ಕೆ ಎಬ್ಬಿಸುವ ಫೋನು, 6.30ಕ್ಕೆ ತಿಂಡಿ, 7.30ಕ್ಕೆ ಬಸ್ಸು. ನಿದ್ದೆ ಆರೂಮುಕ್ಕಾಲು ಗಂಟೆ. ಕರಪತ್ರದಲ್ಲಿ ಮಿಂಚುವ ಈಜುಕೊಳಕ್ಕೆ ಇಳಿಯಲು ಇದರಲ್ಲಿ ಹೊತ್ತೇ ಇಲ್ಲ. ಹೋಟೆಲು ಮುಕ್ಕಾಲು ಗಂಟೆ ದೂರವಾದರೆ ಹೋಗುವಾಗ ಬರುವಾಗ ಸೇರಿ ಒಂದೂವರೆ ಗಂಟೆ ಹೋಯಿತು, ಅದು ಹೋಗುವುದು ನಿದ್ದೆಯ ಲೆಕ್ಕದಿಂದಲೇ. ಹಾಗಾಗಿ ಎರಡು ಕೊಟೇಶನ್ ಹೋಲಿಸುವಾಗ ಸ್ಟಾರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗಂಟೆ ಬರೆದುಕೊಳ್ಳಿ.

ಸ್ಟಾರಿಗೆ ಬೆಲೆ ಇಲ್ಲವೆಂದಲ್ಲ. ಆದರೆ ಅದಕ್ಕೆ ಲೋಕಕ್ಕೆಲ್ಲ ಒಂದೇ ಅಳತೆಯಿಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಂಥ ದೇಶಗಳು 2009ರಿಂದ ಒಂದು ಸಾಮಾನ್ಯ ಪಟ್ಟಿ ಇಟ್ಟುಕೊಂಡಿವೆ. ಫ್ರಾನ್ಸಿಗೆ, ಇಟಲಿಗೆ ಅವರವರದೇ ನಿಯಮ. ಈ ಪಟ್ಟಿಗಳೆಲ್ಲ ಎಣಿಸುವುದು ಸೌಕರ್ಯವನ್ನು: ರಿಸೆಪ್ಷನ್ ಎಷ್ಟು ಹೊತ್ತು ತೆರೆದಿರುತ್ತದೆ, ಲಿಫ್ಟ್ ಇದೆಯೇ, ರೂಮಿನಲ್ಲಿ ಏನೇನಿದೆ. ರೈಲು ನಿಲ್ದಾಣ ಎಷ್ಟು ದೂರ, ಕೆಳಗಿನ ಮಾಳಿಗೆಯಲ್ಲಿ ಡಾನ್ಸ್ ಬಾರ್ ಇದೆಯೇ ಎಂಬುದು ಸ್ಟಾರಿನಲ್ಲಿ ಕಾಣುವುದಿಲ್ಲ. ಯುರೋಪಿನ ತ್ರೀ ಸ್ಟಾರಿನಲ್ಲಿ ಎ.ಸಿ. ಇಲ್ಲದಿರುವುದು, ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇಲ್ಲದಿರುವುದು, ಲಿಫ್ಟಿನಲ್ಲಿ ಪೆಟ್ಟಿಗೆ ಸಮೇತ ಇಬ್ಬರಿಗಷ್ಟೇ ಜಾಗವಿರುವುದು ಮಾಮೂಲು. ಕೌಲಾಲಂಪುರದ ತ್ರೀ ಸ್ಟಾರಿನಲ್ಲಿ ಎ.ಸಿ., ಕೆಟಲ್ ಎರಡೂ ಸಾಮಾನ್ಯವಾಗಿ ಇರುತ್ತವೆ, ರೂಮೂ ದೊಡ್ಡದು. ಒಂದು ದೇಶದ ಸ್ಟಾರನ್ನು ಇನ್ನೊಂದು ದೇಶದ ಸ್ಟಾರಿನ ಪಕ್ಕ ಇಟ್ಟು ನೋಡಿ ಪ್ರಯೋಜನವಿಲ್ಲ.

‘ಅಥವಾ ಅದಕ್ಕೆ ಸಮಾನ’

ಕೊಟೇಶನಿನಲ್ಲಿ ಹೋಟೆಲಿನ ಹೆಸರಿನ ಮುಂದೆ ಈ ಮಾತು ಇದ್ದೇ ಇರುತ್ತದೆ. ಗುಂಪಿನ ಬುಕಿಂಗ್ ಕೊನೆಯವರೆಗೂ ಅತ್ತಿತ್ತ ಆಗುವುದರಿಂದ ಏಜೆನ್ಸಿಯವರು ಅದನ್ನು ಬಿಡಲಾರರು. ನೀವು ಕೇಳಬೇಕಾದದ್ದು ಎರಡು ವಿಷಯ. ಬದಲಿ ಹೋಟೆಲು ಯಾವ ಪ್ರದೇಶದೊಳಗೆ ಇರುತ್ತದೆ ಎಂಬುದನ್ನು ಬರಹದಲ್ಲಿ ಕೊಡಬೇಕು. ‘ಸಮಾನ’ ಎಂದರೆ ಸ್ಟಾರ್ ಮಾತ್ರ ಸಮಾನ ಎಂದಾದರೆ ಪೇಟೆಯ ನಡುವಿನ ಹೋಟೆಲಿನ ಬದಲಿಗೆ 25 ಕಿ.ಮೀ. ಆಚೆಯದು ಬಂದೀತು. ಎರಡನೆಯದು, ಅಂತಿಮ ಹೆಸರು ಮತ್ತು ವಿಳಾಸ ಹೊರಡುವುದಕ್ಕೆ ಒಂದು ವಾರ ಮೊದಲೇ ಕೈಗೆ ಬರಬೇಕು. ಇದು ಬರೀ ಸಮಾಧಾನಕ್ಕಲ್ಲ. ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್ (ದೇಶದೊಳಗೆ ಬರುವವರು ಆನ್‌ಲೈನಿನಲ್ಲಿ ತುಂಬುವ ಚೀಟಿ), ಸಿಂಗಾಪುರದ ಅರೈವಲ್ ಕಾರ್ಡ್, 2025ರ ಮೇ 1ರಿಂದ ಥಾಯ್ಲೆಂಡ್ ತಂದ ಡಿಜಿಟಲ್ ಕಾರ್ಡ್, ಮೂರನ್ನೂ ತಲಪುವ ಮೂರು ದಿನದೊಳಗೆ ತುಂಬಬೇಕು, ಮೂರರಲ್ಲೂ ಉಳಿಯುವ ಜಾಗದ ವಿಳಾಸ ಬೇಕು.

ವಿಳಾಸ ಬಂದಮೇಲೆ ಹೆಸರು ನೋಡಿ ಮರುಳಾಗದೆ ಮ್ಯಾಪಿನಲ್ಲಿ ಹಾಕಿ ನೋಡಿ. ಒಂದೇ ಕಂಪನಿಯ ಹೋಟೆಲು ಒಂದೇ ಊರಿನಲ್ಲಿ ನಾಲ್ಕೈದು ಕಡೆ ಇರುತ್ತದೆ. ಹೆಸರಿನ ಬಾಲದಲ್ಲಿ ‘ಏರ್‌ಪೋರ್ಟ್’, ‘ವೆಸ್ಟ್’, ‘ಎಕ್ಸ್‌ಪೋ’ ಎಂದಿದ್ದರೆ ಅದು ಊರ ಹೊರಗಿನದು ಎಂದೇ ತಿಳಿಯಿರಿ.

ಮೊದಲ ರಾತ್ರಿ, ಅಂದರೆ ಮೊದಲ ಬೆಳಗು

ಹೆಚ್ಚಿನ ತಕರಾರು ಹುಟ್ಟುವುದು ಇಲ್ಲಿ. ದುಬೈಗಾದರೆ ಮಂಗಳೂರಿನ ಬಜಪೆಯಿಂದ ನೇರ ವಿಮಾನ ಉಂಟು, ಮೂರೂವರೆ ನಾಲ್ಕು ಗಂಟೆಯ ದಾರಿ. ಆಗ್ನೇಯ ಏಷ್ಯಾಕ್ಕೆ ಹೋಗುವ ಗುಂಪುಗಳು ಹೆಚ್ಚಾಗಿ ಕೊಚ್ಚಿಯಿಂದಲೋ ಬೆಂಗಳೂರಿನಿಂದಲೋ ಹೊರಡುತ್ತವೆ. ಕೊಚ್ಚಿಯ ದಾರಿ ಹಿಡಿದರೆ, ಕಾಸರಗೋಡಿನಲ್ಲಿ ಮಧ್ಯಾಹ್ನದ ಮೊದಲು ರೈಲು ಹತ್ತಿ, ಆಲುವಾದಲ್ಲೋ ಅಂಗಮಾಲಿಯಲ್ಲೋ ಇಳಿದು, ರಾತ್ರಿ 9ಕ್ಕೆ ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸಾಲು. ನಡುರಾತ್ರಿ ಹಾರಿದ ವಿಮಾನ ನಾಲ್ಕು ಗಂಟೆಯಲ್ಲಿ ಕೌಲಾಲಂಪುರದಲ್ಲಿ ಇಳಿಯುತ್ತದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಆದ್ದರಿಂದ ಅಲ್ಲಿ ಬೆಳಿಗ್ಗೆ 6.30. ಇಮಿಗ್ರೇಶನ್, ಪೆಟ್ಟಿಗೆ, 55 ಕಿ.ಮೀ. ದಾರಿ ಎಲ್ಲ ಮುಗಿಸಿ ಪೇಟೆ ಸೇರುವಾಗ 9. ಹೋಟೆಲಿನ ಚೆಕ್-ಇನ್ ಮಧ್ಯಾಹ್ನ 3ಕ್ಕೆ. ನಡುವಿನ ಆರು ಗಂಟೆಯನ್ನು ಏನು ಮಾಡುವುದು?

ಒಂದು ದಾರಿ, ಇಳಿದ ಕೂಡಲೇ ಊರು ನೋಡಲು ಹೊರಡುವುದು. ಖರ್ಚಿಲ್ಲ, ಒಂದು ದಿನ ಉಳಿಯುತ್ತದೆ. ಏಜೆನ್ಸಿಗಳಿಗೆ ಪ್ರಿಯವಾದದ್ದು ಇದೇ. ಮುಖ ತೊಳೆದು ತಿಂಡಿ ತಿಂದು ಸೀದಾ ಬಟು ಗುಹೆ: 272 ಮೆಟ್ಟಿಲು, ಸೆಕೆ, ಮಂಗಗಳು, ಮೇಲಿಂದ ನಿದ್ದೆಗೆಟ್ಟ ಕಣ್ಣು. ನಲ್ವತ್ತರ ಕೆಳಗಿನವರು ಹತ್ತುತ್ತಾರೆ. ಅರುವತ್ತು ದಾಟಿದವರು, ಬಿ.ಪಿ., ಮೊಣಕಾಲು ನೋವಿನವರು ಹತ್ತಬಾರದು. ಈ ದಾರಿಯನ್ನೇ ಆರಿಸುವುದಾದರೆ ಮೊದಲ ದಿನಕ್ಕೆ ಕೂತು ನೋಡುವಂಥವನ್ನು ಹಾಕಿಸಿ. ಪುತ್ರಜಯ ವಿಮಾನ ನಿಲ್ದಾಣಕ್ಕೂ ಪೇಟೆಗೂ ನಡುವೆಯೇ ಸಿಗುತ್ತದೆ, ಹೆಚ್ಚಿನದನ್ನು ಬಸ್ಸಿನಿಂದಲೇ ನೋಡಬಹುದು. ಮೆಟ್ಟಿಲು ಮರುದಿನ ಬೆಳಿಗ್ಗೆ, ಬಿಸಿಲೇರುವ ಮೊದಲು.

ಎರಡನೆಯದು ‘ಅರ್ಲಿ ಚೆಕ್-ಇನ್, ಲಭ್ಯತೆಗೆ ಒಳಪಟ್ಟು’. ಒಂದು ದಂಪತಿಗೆ ಇದು ಒದಗಬಹುದು, 40 ಜನರ ಗುಂಪಿಗೆ ಒದಗುವುದಿಲ್ಲ. ಹಿಂದಿನ ಗಿರಾಕಿ ರೂಮು ಬಿಡುವುದು 12ಕ್ಕೆ. ಒಂದು ರೂಮು ಗುಡಿಸಿ, ಹಾಸಿಗೆ ಬದಲಿಸಿ, ಬಚ್ಚಲು ತೊಳೆಯಲು ಅರ್ಧ ಗಂಟೆ ಹಿಡಿಯಿರಿ. ನಾಲ್ಕು ಜನ ಕೆಲಸಕ್ಕಿದ್ದರೂ 20 ರೂಮಿಗೆ ಎರಡೂವರೆ ಗಂಟೆ. ಬೆಳಿಗ್ಗೆ 9ಕ್ಕೆ ಇಪ್ಪತ್ತೂ ರೂಮು ಖಾಲಿಯಿರಬೇಕಾದರೆ ಹಿಂದಿನ ರಾತ್ರಿ ಅವು ಮಾರಾಟವೇ ಆಗಿರಬಾರದು. ಆದ್ದರಿಂದ ಈ ಸಾಲಿಗೆ ಕೊಟೇಶನಿನಲ್ಲಿ ಸೊನ್ನೆ ಅಂಕ ಕೊಡಿ. ಇದರ ಬದಲು, ಗುಂಪಿನಲ್ಲಿರುವ ಹಿರಿಯರಿಗೆ ಮತ್ತು ಕೈಗೂಸಿನ ತಾಯಂದಿರಿಗೆ ಎಂದು ನಾಲ್ಕೈದು ರೂಮನ್ನು ಮಾತ್ರ ದುಡ್ಡು ಕೊಟ್ಟು ಬೆಳಿಗ್ಗೆಗೆ ಖಾತ್ರಿಪಡಿಸಿ, ಉಳಿದವರು ಪೆಟ್ಟಿಗೆಯನ್ನು ಹೋಟೆಲಿನ ಲಗೇಜ್ ಕೋಣೆಯಲ್ಲಿಟ್ಟು ಹೊರಡುವುದು ಜಾಣತನ. ಖರ್ಚನ್ನು ಗುಂಪೇ ಹಂಚಿಕೊಂಡರೆ ತಲೆಗೆ ಬೀಳುವುದು ಸ್ವಲ್ಪ.

ಮೂರನೆಯದು, ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೊಟ್ಟುಬಿಡುವುದು. ಖಾತ್ರಿಯಾಗಿ ರೂಮು ಕೈಗೆ ಬರುವ ದಾರಿ ಇದು. ಆದರೆ ಒಂದು ಅಪಾಯ ಉಂಟು: ‘14ರಂದು ಚೆಕ್-ಇನ್’ ಎಂದು ಬುಕ್ ಮಾಡಿ 15ರ ಬೆಳಿಗ್ಗೆ 9ಕ್ಕೆ ಹೋದರೆ, ನಡುರಾತ್ರಿಯ ಲೆಕ್ಕ ಮುಚ್ಚುವಾಗ ಹೋಟೆಲಿನವರು ನಿಮ್ಮನ್ನು ‘ಬರಲಿಲ್ಲ’ ಎಂದು ಗುರುತು ಹಾಕಿ ಇಡೀ ಬುಕಿಂಗನ್ನೇ ರದ್ದು ಮಾಡಬಹುದು. ವಿಮಾನದ ನಂಬರು, ತಲಪುವ ಗಂಟೆ ಎರಡನ್ನೂ ಹೋಟೆಲಿನ ಬುಕಿಂಗ್ ಚೀಟಿಯ (ವೋಚರ್) ಮೇಲೆ ಬರೆಸಬೇಕು, ಹೊರಡುವ ದಿನ ಏಜೆನ್ಸಿಯವರಿಂದ ಹೋಟೆಲಿಗೆ ಒಂದು ಇ-ಮೇಲ್ ಹೋಗಬೇಕು.

ಯಾವುದು ಒಳ್ಳೆಯದು? ಕೌಲಾಲಂಪುರ, ಬ್ಯಾಂಕಾಕಿನಲ್ಲಿ ರೂಮಿನ ಬಾಡಿಗೆ ಸಿಂಗಾಪುರಕ್ಕೆ ಹೋಲಿಸಿದರೆ ತುಂಬ ಕಡಿಮೆ. ಹಿರಿಯರು ಅರ್ಧಕ್ಕಿಂತ ಹೆಚ್ಚಿರುವ ಗುಂಪಾದರೆ ಅಲ್ಲಿ ಮೂರನೆಯ ದಾರಿಗೆ ದುಡ್ಡು ಹಾಕಿ. ಮಲೇಷ್ಯಾ-ಸಿಂಗಾಪುರ ಜೋಡಿ ಪ್ರವಾಸದಲ್ಲಿ ಇದಕ್ಕಾಗಿಯೇ ಮೊದಲು ಇಳಿಯುವುದು ಕೌಲಾಲಂಪುರದಲ್ಲಿ ಆಗಲಿ, ಸಿಂಗಾಪುರ ಆಮೇಲೆ. ಅಲ್ಲಿಗೆ ಬಸ್ಸಿನಲ್ಲಿ ಸುಮಾರು 350 ಕಿ.ಮೀ., ಗಡಿಯ ತಪಾಸಣೆ ಸೇರಿ ಐದಾರು ಗಂಟೆ. ಗಡಿಯಲ್ಲಿ ಎಲ್ಲರೂ ತಂತಮ್ಮ ಪೆಟ್ಟಿಗೆಯನ್ನು ಬಸ್ಸಿನಿಂದ ಇಳಿಸಿ ಎಳೆದುಕೊಂಡೇ ದಾಟಬೇಕು. ಆ ದಿನ ಸಂಜೆ ನೇರ ಹೋಟೆಲು ಸೇರುವ ಹಾಗಿದ್ದರೆ ಒಳ್ಳೆಯದು.

ವಿಮಾನ ಬದಲಿಸಲು ದೋಹಾ, ದುಬೈ, ಸಿಂಗಾಪುರದಲ್ಲಿ ಎಂಟು ಹತ್ತು ಗಂಟೆ ಕಾಯಬೇಕಾದರೆ ವಿಮಾನ ನಿಲ್ದಾಣದೊಳಗಿನ ಟ್ರಾನ್ಸಿಟ್ ಹೋಟೆಲು ಇನ್ನೊಂದು ಆಯ್ಕೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆಗೆದುಕೊಳ್ಳುವವೂ ಇವೆ. ಇಲ್ಲಿ ತಿಳಿದಿರಬೇಕಾದದ್ದು, ಹೋಟೆಲು ಇಮಿಗ್ರೇಶನಿನ ಒಳಗೋ ಹೊರಗೋ ಎಂದು. ಒಳಗಿನದಾದರೆ ವೀಸಾ ಬೇಡ, ಆದರೆ ಚೆಕ್-ಇನ್ ಮಾಡಿದ ಪೆಟ್ಟಿಗೆ ಕೈಗೆ ಸಿಗುವುದಿಲ್ಲ. ರಾತ್ರಿಯ ಮಾತ್ರೆ, ಒಂದು ಜೊತೆ ಬಟ್ಟೆ, ಚಾರ್ಜರ್ ಕೈಚೀಲದಲ್ಲೇ ಇರಬೇಕು. ಹೊರಗಿನದಕ್ಕೆ ವೀಸಾ ಬೇಕಾದೀತು. ಸಿಂಗಾಪುರದ ಚಾಂಗಿಯಲ್ಲಿ ಎರಡೂ ಬಗೆಯವು ಇವೆ, ಬುಕ್ ಮಾಡುವಾಗ ಗೊಂದಲವಾಗುವುದು ಅಲ್ಲೇ.

ಪೇಟೆಯ ನಡುವೆಯೋ, ಊರ ಹೊರಗೋ

ಕೌಲಾಲಂಪುರದಲ್ಲಿ ಬ್ರಿಕ್‌ಫೀಲ್ಡ್ಸ್ ನಮ್ಮವರಿಗೆ ಹೊಂದುತ್ತದೆ. ಅಲ್ಲಿಯ ಲಿಟಲ್ ಇಂಡಿಯಾ ಅದು, ಕೆ.ಎಲ್. ಸೆಂಟ್ರಲ್ ರೈಲು ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ, ಇಡ್ಲಿ-ದೋಸೆ, ಬಾಳೆ ಎಲೆ ಊಟ ರಸ್ತೆಗೇ ಸಿಗುತ್ತದೆ. ಬುಕಿತ್ ಬಿಂತಾಂಗ್ ಅಂಗಡಿ, ಬೆಳಕು, ಗದ್ದಲ ಬೇಕಾದವರಿಗೆ. ಗೆಂಟಿಂಗ್ ಗುಡ್ಡದ ಮೇಲೆ ಒಂದು ರಾತ್ರಿ ಎಂದು ಕೆಲವು ಪ್ಯಾಕೇಜಿನಲ್ಲಿ ಇರುತ್ತದೆ. ಅಲ್ಲಿಯ ಫಸ್ಟ್ ವರ್ಲ್ಡ್ ಹೋಟೆಲಿನಲ್ಲಿ 7,351 ರೂಮು, ರೂಮುಗಳ ಲೆಕ್ಕದಲ್ಲಿ ಗಿನ್ನೆಸ್ ದಾಖಲೆ ಪಡೆದದ್ದು. ಅಷ್ಟು ರೂಮೆಂದರೆ ರಜೆಯ ದಿನ ರಿಸೆಪ್ಷನಿನ ಮುಂದೆ ಎಷ್ಟು ಸಾಲು ಎಂದು ಊಹಿಸಿಕೊಳ್ಳಿ. ಪೇಟೆಯಿಂದ ಸುಮಾರು ಒಂದು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಸಂಜೆ ಬರುವುದೇ ಮೇಲು. ತಂಪು ಹವೆಗಾಗಿಯೇ ಹೋಗುವವರ ಮಾತು ಬೇರೆ.

ಸಿಂಗಾಪುರದಲ್ಲಿ ಸೆರಂಗೂನ್ ರಸ್ತೆ, ಫೆರರ್ ಪಾರ್ಕ್ ಸುತ್ತಿನ ಹೋಟೆಲುಗಳು ಚಿಕ್ಕವು, ಆದರೆ ಊಟ, ಮೆಟ್ರೊ ಎರಡೂ ಬಾಗಿಲಿಗೆ. ಅದಕ್ಕಿಂತ ಅಗ್ಗದ ಕೊಟೇಶನ್ ಬಂದು ವಿಳಾಸದಲ್ಲಿ ಗೇಲಾಂಗ್ ಎಂದಿದ್ದರೆ, ಅಲ್ಲಿಯ ಕೆಲವು ಓಣಿಗಳು ಕೆಂಪುದೀಪದ ಪ್ರದೇಶ ಎಂಬುದು ಗೊತ್ತಿರಲಿ. ಮಕ್ಕಳು, ಅಜ್ಜಿಯಂದಿರು ಇರುವ ಗುಂಪಿಗೆ ಬೇಡ. ಪಟ್ಟಾಯದಲ್ಲೂ ಹೀಗೆಯೇ: ವಾಕಿಂಗ್ ಸ್ಟ್ರೀಟ್ ಹತ್ತಿರ ಎಂದು ಹೊಗಳಿದ್ದರೆ ಬೆಳಗಿನ ಜಾವದವರೆಗೆ ಸಂಗೀತ ಎಂದರ್ಥ. ಜೋಮ್ತಿಯೆನ್ ಕಡೆ ಸಮುದ್ರವೂ ಇದೆ, ನಿದ್ದೆಯೂ ಬರುತ್ತದೆ.

ದುಬೈಯಲ್ಲಿ ಬರ್ ದುಬೈ, ಕರಾಮ, ದೇರಾ ಒಂದು ಕಡೆ. ಅಲ್ ಬರ್ಶಾ ನಡುವೆ. ಮರೀನಾ ಇನ್ನೊಂದು ಕೊನೆ. ಕರಾಮದಲ್ಲಿ ಕೇರಳದ, ಮಂಗಳೂರಿನ, ಉಡುಪಿಯ ಊಟ ಸಿಗುವುದರಿಂದ ರಾತ್ರಿಯೂಟ ಪ್ಯಾಕೇಜಿನಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಬರ್ ದುಬೈ, ದೇರಾದ ಹಳೆಯ ತ್ರೀ ಸ್ಟಾರುಗಳಲ್ಲಿ ಒಂದು ತೊಂದರೆ ಉಂಟು: ಕೆಳಮಾಳಿಗೆಗಳಲ್ಲಿ ರಾತ್ರಿ ಮೂರರವರೆಗೂ ನಡೆಯುವ ಬಾರುಗಳು. ‘ಮೇಲಿನ ಮಾಳಿಗೆ, ಬಾರಿನಿಂದ ದೂರ’ ಎಂದು ರೂಮಿಂಗ್ ಲಿಸ್ಟಿನಲ್ಲೇ, ಅಂದರೆ ಯಾರು ಯಾರೊಡನೆ ಎಂದು ಹೋಟೆಲಿಗೆ ಕೊಡುವ ಪಟ್ಟಿಯಲ್ಲೇ, ಬರೆಸಿ. ಮೆಟ್ರೊ ಹತ್ತಿರವಿರುವ ಅಲ್ ಬರ್ಶಾ ಈ ಗೋಳಿಲ್ಲದ ನಡುದಾರಿ. ಮರೀನಾಕ್ಕೆ ಕೊಡುವ ಹೆಚ್ಚಿನ ದುಡ್ಡು ಕಿಟಕಿಯ ನೋಟಕ್ಕೆ, ಗುಂಪಿನವರು ಕಿಟಕಿ ತೆರೆಯುವಾಗ ಕತ್ತಲೆ.

ಶ್ರೀಲಂಕಾದಲ್ಲಿ ಮೊದಲ ಅಥವಾ ಕೊನೆಯ ರಾತ್ರಿಗೆ ಕೊಲಂಬೊಗಿಂತ ನೆಗೊಂಬೊ ಅನುಕೂಲ, ವಿಮಾನ ನಿಲ್ದಾಣದಿಂದ ಸುಮಾರು 10 ಕಿ.ಮೀ. ಅಷ್ಟೆ.

ಯುರೋಪಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಗುಂಪಿಗೆ ಪೇಟೆಯ ನಡುವಿನ ಹೋಟೆಲು ಸಿಗುವುದೇ ಅಪರೂಪ: ಬಾಡಿಗೆ ವಿಪರೀತ, ದೊಡ್ಡ ಬಸ್ಸಿಗೆ ಓಣಿಯಲ್ಲಿ ಜಾಗವಿಲ್ಲ. ಪ್ಯಾರಿಸ್ ಎಂದರೆ ಚಾರ್ಲ್ಸ್ ದ ಗಾಲ್ ವಿಮಾನ ನಿಲ್ದಾಣದ ಬಳಿಯ ಹೋಟೆಲು, ವೆನಿಸ್ ಎಂದರೆ ಮೆಸ್ತ್ರೆ, ಫ್ಲಾರೆನ್ಸ್ ಎಂದರೆ ಪ್ರಾತೊ ಅಥವಾ ಮೊಂತೆಕಾತಿನಿ. ಇವೆಲ್ಲ ಮೋಸವಲ್ಲ, ಪದ್ಧತಿ. ಇವುಗಳೊಳಗೇ ಆಯ್ಕೆ ಮಾಡಬೇಕು. ಮೆಸ್ತ್ರೆ ಒಳ್ಳೆಯದು, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ವೆನಿಸ್; ಬಿಡುವಿದ್ದವರು ಸಂಜೆ ತಾವೇ ಹೋಗಿ ಬರಬಹುದು. ಮೊಂತೆಕಾತಿನಿ ಫ್ಲಾರೆನ್ಸಿನಿಂದ ಸುಮಾರು 50 ಕಿ.ಮೀ., ಸಂಜೆ ಹೋಗಿ ಬರಲು ದೂರವೇ. ಹೊರವಲಯದ ಹೋಟೆಲಿಗೆ ಒಂದೇ ಪರೀಕ್ಷೆ: ನಡೆದು ಹೋಗುವಷ್ಟು ದೂರದಲ್ಲಿ ರೈಲು ಅಥವಾ ಮೆಟ್ರೊ ಇದೆಯೇ? ಇದ್ದರೆ ಒಪ್ಪಿ, ಇಲ್ಲದಿದ್ದರೆ ಬೆಲೆ ಇಳಿಸಲು ಹೇಳಿ.

ಚಾಲಕನ ಗಂಟೆಯೂ ಇಲ್ಲಿ ಮುಖ್ಯ. ಐರೋಪ್ಯ ಒಕ್ಕೂಟದ ನಿಯಮದಂತೆ ಬಸ್ ಚಾಲಕ ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ಸಲ ಮಾತ್ರ 10. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ. ರಾತ್ರಿ ಸಾಮಾನ್ಯವಾಗಿ 11 ಗಂಟೆ ಬಿಡುವು ಬೇಕು, ಒಂದು ವಾರದ ರಜೆಗೂ ಮುಂದಿನ ವಾರದ ರಜೆಗೂ ನಡುವೆ ಮೂರು ಸಲ ಅದನ್ನು 9ಕ್ಕೆ ಇಳಿಸಬಹುದು. ರಾತ್ರಿ 10ಕ್ಕೆ ಹೋಟೆಲು ಮುಟ್ಟಿದರೆ ಬೆಳಿಗ್ಗೆ 9ರ ಮೊದಲು, ಬಿಡುವು ಇಳಿಸಿದ ದಿನವಾದರೂ 7ರ ಮೊದಲು, ಆತ ಬಸ್ಸು ತೆಗೆಯಲಾರ. ನಿಮ್ಮ ಪಟ್ಟಿಯಲ್ಲಿ ‘ರಾತ್ರಿ ಐಫೆಲ್ ಗೋಪುರದ ದೀಪ, ಬೆಳಿಗ್ಗೆ 7ಕ್ಕೆ ಹೊರಡು’ ಎಂದಿದ್ದರೆ ಎರಡರಲ್ಲಿ ಒಂದು ಬಿದ್ದುಹೋಗುತ್ತದೆ, ಅಥವಾ ಎರಡನೆಯ ಬಸ್ಸಿನ ದುಡ್ಡು ಕೇಳುತ್ತಾರೆ. ಹೋಟೆಲು ದೂರವಾದಷ್ಟು ಈ ತೊಡಕು ಹೆಚ್ಚು.

ಇಬ್ಬರಿಗೋ, ಮೂವರಿಗೋ, ಒಬ್ಬರಿಗೋ

ಕೊಟೇಶನಿನ ದರ ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುವ ಲೆಕ್ಕದ್ದು. ಡಬಲ್ ಎಂದರೆ ಒಂದೇ ದೊಡ್ಡ ಹಾಸಿಗೆ, ಟ್ವಿನ್ ಎಂದರೆ ಬೇರೆ ಬೇರೆ ಎರಡು. ಅಕ್ಕ-ತಂಗಿ, ಗೆಳೆಯರು, ಅಪರಿಚಿತರು ಜೊತೆಯಾದರೆ ‘ಟ್ವಿನ್’ ಎಂದು ಬರೆದೇ ಕೊಡಬೇಕು. ಯುರೋಪಿನಲ್ಲಿ ಎರಡು ಚಿಕ್ಕ ಹಾಸಿಗೆ ಒತ್ತಿಟ್ಟು ಅದನ್ನೇ ಡಬಲ್ ಎನ್ನುತ್ತಾರೆ. ಎಳೆದರೆ ಬೇರೆಯಾಗುತ್ತದೆ, ಗಾಬರಿ ಬೇಡ.

ಮೂವರ ರೂಮಿನಲ್ಲಿ ತಲೆಗೆ ಸ್ವಲ್ಪ ಉಳಿಯುವುದು ನಿಜ. ಮೂರನೆಯ ಹಾಸಿಗೆ ಹೆಚ್ಚಾಗಿ ಮಡಚುವ ಮಂಚ ಅಥವಾ ಸೋಫಾ, ಅದನ್ನು ಬಿಡಿಸಿದ ಮೇಲೆ ಪೆಟ್ಟಿಗೆ ತೆರೆಯಲು ನೆಲವಿಲ್ಲ. ನಿಜವಾದ ಬೆಲೆ ಬಚ್ಚಲಿನಲ್ಲಿದೆ: ಒಬ್ಬರಿಗೆ 20 ನಿಮಿಷ ಎಂದರೆ ಮೂವರಿಗೆ ಒಂದು ಗಂಟೆ, 5.45ರ ಬದಲು 5.25ಕ್ಕೆ ಏಳಬೇಕು. ತಂದೆ-ತಾಯಿ ಮತ್ತು ಹತ್ತು ವರ್ಷದ ಮಗುವಾದರೆ ಸರಿ. ಮೂವರು ದೊಡ್ಡವರಿಗೆ, ಅದೂ ಯುರೋಪಿನಲ್ಲಿ, ಬೇಡವೇ ಬೇಡ. ಮಗುವಿಗೆ ಪ್ರತ್ಯೇಕ ಹಾಸಿಗೆ ಬೇಡವೆಂದು ಕಡಿಮೆ ದರ ಹಿಡಿಯುವಾಗ ಬೆಳಗಿನ ತಿಂಡಿ ಅದರಲ್ಲಿ ಸೇರಿದೆಯೇ ಕೇಳಿ. ಹಲವು ಕಡೆ ಅಲ್ಲೇ ಬೇರೆ ದುಡ್ಡು ಕೇಳುತ್ತಾರೆ.

ಒಬ್ಬರೇ ಇರಲು ಬಯಸಿದರೆ ಅದಕ್ಕೆ ಹೆಚ್ಚಿನ ದುಡ್ಡು, ಅಂದರೆ ಸಿಂಗಲ್ ಸಪ್ಲಿಮೆಂಟ್, ಕೊಡಬೇಕು. ಗೊರಕೆಯವರ ವಿಷಯದಲ್ಲಿ ಇದು ಇಡೀ ಗುಂಪಿಗೆ ಉಪಕಾರ.

ರೂಮಿಂಗ್ ಲಿಸ್ಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಲಿ. ಇನಿಶಿಯಲ್ ಬಿಡಿಸಿ ಬರೆದ ಪಾಸ್‌ಪೋರ್ಟು ಒಂದು, ಮನೆತನದ ಹೆಸರಿನಿಂದ ಕರೆಯುವ ರೂಢಿ ಇನ್ನೊಂದು ಆದಾಗ ರಿಸೆಪ್ಷನಿನವರಿಗೆ ಯಾರು ಯಾರೊಡನೆ ಎಂದು ತಿಳಿಯದೆ ಅರ್ಧ ಗಂಟೆ ಹೋಗುತ್ತದೆ. ಅಕ್ಕಪಕ್ಕದ ರೂಮು ಬೇಕೆಂದರೆ ‘ಪಕ್ಕದ ರೂಮು’ ಎನ್ನಿ, ಒಳಗಿಂದಲೇ ಬಾಗಿಲು ಬೇಕೆಂದರೆ ‘ಕನೆಕ್ಟಿಂಗ್’ ಎನ್ನಿ; ಎರಡು ಬೇರೆ ಬೇರೆ. ನಡೆಯಲು ಕಷ್ಟವಿರುವವರಿಗೆ ಲಿಫ್ಟಿನ ಹತ್ತಿರದ ರೂಮು. ನಲ್ವತ್ತು ಜನ ಪೆಟ್ಟಿಗೆ ಸಮೇತ ನಾಲ್ಕು ನಾಲ್ಕರಂತೆ ಹತ್ತಿದರೂ ಲಿಫ್ಟ್ ಹತ್ತು ಸಲ ಓಡಬೇಕು, ಮೊದಲ ಸರದಿ ಹಿರಿಯರದು.

ಊಟ, ತಿಂಡಿ

ಬರೀ ಬೆಳಗಿನ ತಿಂಡಿಯ ಪ್ಯಾಕೇಜು ಒಂದು ಬಗೆ, ರಾತ್ರಿಯೂಟ ಹೋಟೆಲಿನಲ್ಲೇ ಸಿಗುವ ಹಾಫ್ ಬೋರ್ಡ್ ಇನ್ನೊಂದು, ರಾತ್ರಿಯೂಟ ಹೊರಗೆ ಭಾರತೀಯ ಹೋಟೆಲಿನಲ್ಲಿ ಎಂಬುದು ಮೂರನೆಯದು. ಶ್ರೀಲಂಕಾದಲ್ಲಿ ಹಾಫ್ ಬೋರ್ಡ್ ಚೆನ್ನಾಗಿ ನಡೆಯುತ್ತದೆ. ಅನ್ನ, ತೆಂಗಿನಕಾಯಿಯ ಪದಾರ್ಥ, ಬೇಳೆ, ನಮ್ಮ ಬಾಯಿಗೆ ದೂರವಲ್ಲ. ಸಸ್ಯಾಹಾರಿಗಳು ಕಾಯಿಯ ಸಂಬೋಲ್ ಮಾತ್ರ ವಿಚಾರಿಸಿಯೇ ಬಡಿಸಿಕೊಳ್ಳಬೇಕು, ಅದರಲ್ಲಿ ಒಣಮೀನಿನ ಚೂರು ಹಾಕುವುದುಂಟು. ಮಲೇಷ್ಯಾದ ಸಂಬಲಿನಲ್ಲಿ ಸಿಗಡಿಯ ಬೆಲಚಾನ್, ಥಾಯ್ ತರಕಾರಿಯಲ್ಲಿ ಮೀನಿನ ಸಾಸ್. ‘ಮಾಂಸ ಬೇಡ’ ಎಂದರೆ ಸಾಲದು, ‘ಮೀನಿನ ಸಾಸ್, ಸಿಗಡಿ ಬೇಡ’ ಎಂದೇ ಹೇಳಬೇಕು. ಥಾಯ್ಲೆಂಡಿನಲ್ಲಿ ‘ಜೇ’ ಎಂದರೆ ನೀರುಳ್ಳಿ, ಬೆಳ್ಳುಳ್ಳಿಯೂ ಇಲ್ಲದ್ದು ಸಿಗುತ್ತದೆ. ಈ ಎರಡು ದೇಶಗಳಲ್ಲಿ ಸಸ್ಯಾಹಾರಿ ಗುಂಪಿಗೆ ಮೂರನೆಯ ಬಗೆಯೇ ಸೂಕ್ತ, ಆದರೆ ಊಟದ ಹೋಟೆಲು ಮಲಗುವ ಹೋಟೆಲಿನಿಂದ ಎಷ್ಟು ನಿಮಿಷ ಎಂದು ಕೇಳಿ.

ಉಪ್ಪಳ, ಮಂಜೇಶ್ವರದ ಕಡೆಯ ಗುಂಪುಗಳಲ್ಲಿ ಹಲಾಲ್ ಬೇಕಾದವರೂ ಜೊತೆಯಲ್ಲಿರುತ್ತಾರೆ. ಮಲೇಷ್ಯಾದಲ್ಲಿ ಜಾಕಿಂ, ಸಿಂಗಾಪುರದಲ್ಲಿ ಮುಯಿಸ್ ಸಂಸ್ಥೆಯ ಹಲಾಲ್ ಮುದ್ರೆ ಹೋಟೆಲಿನ ಅಡುಗೆಮನೆಗೆ ಇದೆಯೇ ನೋಡಿದರೆ ಸಾಕು. ಮಲೇಷ್ಯಾದ ರೂಮುಗಳಲ್ಲಿ ಕಿಬ್ಲಾದ (ನಮಾಜಿನ ದಿಕ್ಕಿನ) ಬಾಣದ ಗುರುತು ಸಾಮಾನ್ಯವಾಗಿ ಮಾಡಿನಲ್ಲೋ ಮೇಜಿನ ಖಾನೆಯಲ್ಲೋ ಇರುತ್ತದೆ.

ಬೆಳಿಗ್ಗೆ 5ಕ್ಕೆ ಹೊರಡುವ ದಿನ ತಿಂಡಿಯ ಬದಲು ಪೊಟ್ಟಣ ಕೊಡುತ್ತಾರೆ. ಹಿಂದಿನ ರಾತ್ರಿ ‘ಇಷ್ಟು ಸಸ್ಯಾಹಾರಿ’ ಎಂದು ಎಣಿಸಿ ಹೇಳದಿದ್ದರೆ ಎಲ್ಲದರಲ್ಲೂ ಹ್ಯಾಮ್ ಸ್ಯಾಂಡ್‌ವಿಚ್. ರೂಮಿನ ಕೆಟಲಿನಲ್ಲಿ ಕುಚ್ಚಿಲಕ್ಕಿ ಗಂಜಿ ಬೇಯಿಸುವ ಸಾಹಸ ಬೇಡ: ತಳ ಹಿಡಿಯುತ್ತದೆ, ಉಕ್ಕಿ ಸ್ವಿಚ್ ಸುಡುತ್ತದೆ, ಬಿಲ್ಲು ನಿಮ್ಮದು. ಬಿಸಿನೀರು ಹಾಕಿದರೆ ಸಾಕಾಗುವ ಅವಲಕ್ಕಿ, ಉಪ್ಪಿಟ್ಟಿನ ಪುಡಿ ಒಯ್ಯಿರಿ. ಗಸಗಸೆ ಹಾಕಿದ ಏನನ್ನೂ ದುಬೈಗೆ, ಸಿಂಗಾಪುರಕ್ಕೆ ಒಯ್ಯಬಾರದು, ಅಲ್ಲಿ ಅದು ನಿಷಿದ್ಧ. ಎಲೆ-ಅಡಿಕೆಯವರಿಗೂ ಒಂದು ಮಾತು: ಯು.ಎ.ಇ.ಗೆ ವೀಳ್ಯದೆಲೆ ಒಯ್ಯುವಂತಿಲ್ಲ, ಸಿಂಗಾಪುರದಲ್ಲಿ ಜಗಿಯುವ ಹೊಗೆಸೊಪ್ಪು ನಿಷಿದ್ಧ. ಹಲಸಿನಂತೆ ಕಾಣುವ ಡುರಿಯಾನ್ ಹಣ್ಣನ್ನು ರೂಮಿಗೆ ತಂದರೆ ವಾಸನೆಗಾಗಿ, ಮ್ಯಾಂಗೋಸ್ಟೀನ್ ತಂದರೆ ಸಿಪ್ಪೆಯ ಕಲೆಗಾಗಿ ಥಾಯ್ಲೆಂಡ್, ಮಲೇಷ್ಯಾದ ಹಲವು ಹೋಟೆಲುಗಳು ದಂಡ ಹಾಕುತ್ತವೆ.

ಕ್ರಿಸ್ಮಸ್ ರಜೆಗೆ ಹೋಗುವವರು ಡಿಸೆಂಬರ್ 24 ಮತ್ತು 31ರ ಸಾಲನ್ನು ಎರಡು ಸಲ ಓದಬೇಕು. ಆ ರಾತ್ರಿಗಳಿಗೆ ಹಲವು ಹೋಟೆಲುಗಳು ‘ಗಾಲಾ ಡಿನ್ನರ್’ ಕಡ್ಡಾಯ ಮಾಡುತ್ತವೆ. ಉಂಡರೂ ಉಣ್ಣದಿದ್ದರೂ ತಲೆಗಿಷ್ಟು ಕೊಡಬೇಕು. ಅಗ್ಗದ ಕೊಟೇಶನಿನಲ್ಲಿ ಅದು ಸೇರಿರುವುದಿಲ್ಲ.

ಬಚ್ಚಲು, ಪ್ಲಗ್, ದೀಪ

ಮಲೇಷ್ಯಾ, ಥಾಯ್ಲೆಂಡ್, ದುಬೈಯಲ್ಲಿ ಕಕ್ಕಸಿನ ಪಕ್ಕ ನೀರಿನ ಪೈಪು ಹೆಚ್ಚಾಗಿ ಇರುತ್ತದೆ, ಯುರೋಪಿನಲ್ಲಿ ಇಲ್ಲ. ಒಂದು ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಯಲ್ಲಿರಲಿ. ಯುರೋಪಿನ ಬಚ್ಚಲಿನಲ್ಲಿ ನೀರು ಹೋಗುವ ತೂತು ಟಬ್ಬಿನೊಳಗೆ ಮಾತ್ರ, ನೆಲದಲ್ಲಿ ಇರುವುದಿಲ್ಲ. ಪರದೆಯನ್ನು ಟಬ್ಬಿನ ಒಳಗೆ ಇಳಿಬಿಟ್ಟು ಮೀಯಬೇಕು. ನಮ್ಮಲ್ಲಿಯ ಹಾಗೆ ನೀರು ಸುರಿದುಕೊಂಡರೆ ರೂಮಿನ ಕಾರ್ಪೆಟ್ಟಿಗೆ, ಕೆಳಗಿನ ರೂಮಿನ ಮಾಡಿಗೆ ಇಳಿಯುತ್ತದೆ.

ಸಿಂಗಾಪುರ, ಮಲೇಷ್ಯಾ, ದುಬೈಯಲ್ಲಿ ಚೌಕ ಕಾಲಿನ ಮೂರು ಪಿನ್ನಿನ ಪ್ಲಗ್, ಅಡಾಪ್ಟರ್ ಬೇಕೇ ಬೇಕು. ಥಾಯ್ಲೆಂಡ್, ವಿಯೆಟ್ನಾಂ, ಯುರೋಪಿನಲ್ಲಿ ನಮ್ಮ ಸಪೂರ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಹಿಡಿಯುತ್ತದೆ. ಕೀ ಕಾರ್ಡ್ ತೆಗೆದರೆ ರೂಮಿನ ಕರೆಂಟು ಹೋಗುವ ಕಡೆ ಚಾರ್ಜಿಗಿಟ್ಟು ಹೊರಗೆ ಹೋದರೆ ಚಾರ್ಜಾಗದು. ಸಂಜೆ ದೀಪ ಹಚ್ಚುವ, ಊದುಕಡ್ಡಿ ಉರಿಸುವ ರೂಢಿಯವರು ರೂಮಿನೊಳಗೆ ಹಚ್ಚಬಾರದು. ಹೊಗೆಯ ಸೂಚಕ ಕೂಗಿದರೆ ಇಡೀ ಕಟ್ಟಡ ಮೆಟ್ಟಿಲಿಳಿದು ರಸ್ತೆಗೆ ಬರಬೇಕಾದೀತು. ಕರ್ಪೂರದ ಮಾತೇ ಬೇಡ.

ಕೊಟೇಶನಿನಲ್ಲಿ ಇಲ್ಲದ ದುಡ್ಡು

ಹೋಟೆಲಿನಲ್ಲೇ ಕೊಡಬೇಕಾದ ತೆರಿಗೆ ಕೆಲವು ಕಡೆ ರೂಮಿನ ಲೆಕ್ಕ, ಕೆಲವು ಕಡೆ ತಲೆಯ ಲೆಕ್ಕ. ಮಲೇಷ್ಯಾದಲ್ಲಿ ವಿದೇಶಿಯರಿಗೆ 2017ರಿಂದ ರೂಮಿಗೆ ರಾತ್ರಿಗೆ 10 ರಿಂಗಿಟ್. ದುಬೈಯಲ್ಲಿ ‘ಟೂರಿಸಂ ದಿರ್ಹಂ’ ರೂಮಿಗೆ ರಾತ್ರಿಗೆ ತ್ರೀ ಸ್ಟಾರಿನಲ್ಲಿ 10, ಫೋರ್ ಸ್ಟಾರಿನಲ್ಲಿ 15, ಫೈವ್ ಸ್ಟಾರಿನಲ್ಲಿ 20 ದಿರ್ಹಂ. ರೋಮಿನಲ್ಲಿ 2023ರ ಅಕ್ಟೋಬರಿನಿಂದ ತಲೆಗೆ ರಾತ್ರಿಗೆ ತ್ರೀ ಸ್ಟಾರಿನಲ್ಲಿ 6 ಯೂರೊ, ಫೋರ್ ಸ್ಟಾರಿನಲ್ಲಿ 7.50. ನಾಲ್ಕು ಜನರ ಕುಟುಂಬ ಎರಡು ರಾತ್ರಿ ರೋಮಿನ ಫೋರ್ ಸ್ಟಾರಿನಲ್ಲಿ ಉಳಿದರೆ 60 ಯೂರೊ. ಎರಡು ಏಜೆನ್ಸಿಗಳ ದರದ ವ್ಯತ್ಯಾಸ ಕೆಲವೊಮ್ಮೆ ಇಷ್ಟೇ ಇರುತ್ತದೆ. ಒಬ್ಬರು ಸೇರಿಸಿದ್ದಾರೆ, ಇನ್ನೊಬ್ಬರು ಬಿಟ್ಟಿದ್ದಾರೆ.

ಇದಲ್ಲದೆ ಚೆಕ್-ಇನ್ ಹೊತ್ತಿಗೆ ಠೇವಣಿ. ಡೆಬಿಟ್ ಕಾರ್ಡಿನಲ್ಲಿ ತಡೆಹಿಡಿದ ಮೊತ್ತ ಬಿಡುಗಡೆಯಾಗಲು ವಾರ, ಎರಡು ವಾರ ಹಿಡಿಯುವುದುಂಟು, ಫಾರೆಕ್ಸ್ ಕಾರ್ಡಿನಲ್ಲೂ ಹಾಗೆಯೇ. ಆ ಊರಿನ ನೋಟಿನಲ್ಲಿ ಕೊಟ್ಟು ರಶೀದಿ ಇಟ್ಟುಕೊಂಡರೆ ಬಿಡುವಾಗ ಅಲ್ಲೇ ವಾಪಸು. ಮಿನಿ ಬಾರಿನ ಬಾಟಲಿಯನ್ನು ಎತ್ತಿ ನೋಡುವುದೂ ಬೇಡ, ಎತ್ತಿದರೆ ಬಿಲ್ಲಾಗುವ ಯಂತ್ರ ಕೆಲವು ಕಡೆ ಇದೆ.

ಕೊನೆಯ ದಿನ

ಬೆಳಿಗ್ಗೆ ಸಿಕ್ಕದ ಆರು ಗಂಟೆ ಕೊನೆಯ ದಿನ ಸಂಜೆ ಮತ್ತೆ ಎದುರಾಗುತ್ತದೆ. 12ಕ್ಕೆ ರೂಮು ಬಿಡಬೇಕು, ವಿಮಾನ ರಾತ್ರಿ 10ಕ್ಕೆ. ಎಲ್ಲ ರೂಮಿಗೂ ಸಂಜೆಯವರೆಗೆ ಬಾಡಿಗೆ ಕೊಡುವುದು ದುಬಾರಿ. ಎಲ್ಲರೂ ಬಿಟ್ಟು ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿ ಮಾಲಿನಲ್ಲಿ ಸುತ್ತುವುದು ಅಗ್ಗ, ಆದರೆ ಬೆವತ ಬಟ್ಟೆಯಲ್ಲೇ ರಾತ್ರಿ ವಿಮಾನ, ಬೆಳಿಗ್ಗೆ ಮತ್ತೆ ರೈಲು. ನಡುವಿನ ಉಪಾಯ, 40 ಜನರಿಗೆ ಎರಡು ಅಥವಾ ಮೂರು ರೂಮನ್ನು ಸಂಜೆ 6ರವರೆಗೆ ಇಟ್ಟುಕೊಳ್ಳುವುದು: ಹೆಂಗಸರಿಗೆ ಒಂದೋ ಎರಡೋ, ಗಂಡಸರಿಗೆ ಒಂದು. ಮೀಯಲು, ಬಟ್ಟೆ ಬದಲಿಸಲು, ಹಿರಿಯರು ಒರಗಲು ಸಾಕು. ಇದನ್ನು ಕೊಟೇಶನ್ ಹಂತದಲ್ಲೇ ಕೇಳಿದರೆ ಕೆಲವು ಏಜೆನ್ಸಿಗಳು ಒಂದು ರೂಮನ್ನು ಉಚಿತವಾಗಿಯೇ ಸೇರಿಸುತ್ತವೆ. ಆ ದಿನ ಬೆಳಿಗ್ಗೆ ರಿಸೆಪ್ಷನಿನಲ್ಲಿ ಕೇಳಿದರೆ ಪೂರ್ತಿ ದರ.

ಇನ್ನು, ದುಬೈ ಪ್ರವಾಸದಲ್ಲಿ ನಮ್ಮ ಜಿಲ್ಲೆಯ ಹಲವರಿಗೆ ಇರುವ ಒಂದು ಆಯ್ಕೆ: ಶಾರ್ಜಾದಲ್ಲೋ ಅಜ್ಮಾನಿನಲ್ಲೋ ಇರುವ ತಮ್ಮನ, ಮಗಳ ಮನೆ. ಒಂದು ರಾತ್ರಿ ಅಲ್ಲಿ ಉಳಿಯಬಹುದು, ಆದರೆ ಹೋಟೆಲಿನ ದುಡ್ಡು ವಾಪಸು ಬರುವುದಿಲ್ಲ, ಬೆಳಿಗ್ಗೆ ಶಾರ್ಜಾದಿಂದ ದುಬೈಗೆ ಬರುವ ರಸ್ತೆಯಲ್ಲಿ ವಾಹನಗಳ ಸಾಲು ಕುಖ್ಯಾತ, ಗುಂಪಿನ ಬಸ್ಸು ಕಾಯುವುದಿಲ್ಲ. ಹೋಗುವವರು ಟೂರ್ ಮ್ಯಾನೇಜರಿಗೆ ವಿಳಾಸ, ಫೋನು ಬರೆದುಕೊಟ್ಟು, ಮರುದಿನ ಮಧ್ಯಾಹ್ನದ ಮೇಲೆ ಕಾರ್ಯಕ್ರಮವಿರುವ ರಾತ್ರಿಯನ್ನೇ ಆರಿಸಲಿ. ತಮ್ಮನನ್ನು ಹೋಟೆಲಿಗೇ ಕರೆಸುವುದಾದರೆ ಲಾಬಿಯಲ್ಲಿ ಕೂತು ಮಾತಾಡಲು ಅಡ್ಡಿಯಿಲ್ಲ. ರಾತ್ರಿ ರೂಮಿನಲ್ಲಿ ಉಳಿಸಿಕೊಳ್ಳಬೇಕಾದರೆ ಅವರ ಗುರುತುಚೀಟಿ ಕೊಟ್ಟು ರಿಸೆಪ್ಷನಿನಲ್ಲಿ ಹೆಸರು ಬರೆಸಬೇಕು, ಹೆಚ್ಚುವರಿ ದುಡ್ಡನ್ನೂ ಕೇಳಬಹುದು.